ಹೂವಿನ ಗಿರಣಿಯ ತಿಪ್ಪೇಸ್ವಾಮಿ

ತಿಪ್ಪೇಸಣ್ಣನ ಕಣ್ಣುರೆಪ್ಪೆಗಳು ಬೆಳ್ಳಗಿದ್ದವು. ವಯಸ್ಸಾಗಿ ಅಲ್ಲ, ಹಿಟ್ಟು ಕೂತು. ಹುಬ್ಬು, ಮೀಸೆಯ ತುದಿ, ಕಿವಿಯ ಮೇಲಿನ ಕೂದಲು, ಎಲ್ಲದರ ಮೇಲೂ ಜೋಳದ್ದೋ ಅಕ್ಕಿಯದ್ದೋ ತೆಳುವಾದ ಒಂದು ಪದರ. ಬೆಳಿಗ್ಗೆ ಹತ್ತರ ಹೊತ್ತಿಗೆ ಗಿರಣಿಯ ಹಿಂದಿನ ಗೋಡೆಯ ಕಿಂಡಿಯಿಂದ ಬಿಸಿಲು ಓರೆಯಾಗಿ ಒಳಗೆ ಇಳಿಯುತ್ತಿತ್ತು. ಅದರೊಳಗೆ ಹಿಟ್ಟಿನ ಧೂಳು ಅವಸರವಿಲ್ಲದೆ ಏರುತ್ತ ಇಳಿಯುತ್ತ ಇರುವಾಗ ಆಚೆ ಬದಿಯಲ್ಲಿ ನಿಂತ ಅವನು ಒಮ್ಮೆ ಇರುತ್ತಿದ್ದ, ಒಮ್ಮೆ ಇರುತ್ತಿರಲಿಲ್ಲ. ಡಬ್ಬ ಇಟ್ಟು ಪಾಳಿ ಕಾಯುತ್ತ ಕೂತ ನನಗೆ ಎಷ್ಟೋ ಸಲ ಅಲ್ಲೇ ತೂಕಡಿಕೆ ಬರುತ್ತಿತ್ತು. ಬೆಲ್ಟಿನ ಸದ್ದು, ಬಿಸಿ ಹಿಟ್ಟಿನ ವಾಸನೆ, ಮೋಡದೊಳಗೆ ಓಡಾಡಿದಂತೆ ಓಡಾಡುವ ಒಬ್ಬ ಮನುಷ್ಯ. ಈಗ ಅವನನ್ನು ನೆನೆಯಲು ಕೂತರೆ ಮೊದಲು ಬರುವುದು ಆ ತೂಕಡಿಕೆಯೇ.

ಅವನು ನನಗಿಂತ ಹದಿನೈದು ವರ್ಷ ದೊಡ್ಡವನು. ಎದುರಿಗಿದ್ದಾಗ ನಾನು ಬಹುವಚನ ಬಿಟ್ಟು ಮಾತಾಡಿದವನಲ್ಲ. ಈಗ ಬರೆಯುವಾಗ ಏಕವಚನವೇ ಬರುತ್ತಿದೆ. ಬರಲಿ ಎಂದು ಬಿಟ್ಟಿದ್ದೇನೆ.

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯ ಒಂದು ಊರಿಗೆ ನಾನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರಾಗಿ ಹೋದೆ. ಬಸ್ಸಿಳಿದ ತಕ್ಷಣ ಎದುರಿಗೆ ಕಂಡದ್ದು ಅವನ ಗಿರಣಿಯ ಬೋರ್ಡು. ಕನ್ನಡದಲ್ಲಿ ‘ಶ್ರೀ ತಿಪ್ಪೇಸ್ವಾಮಿ ಫ್ಲವರ್ ಮಿಲ್’. ಕೆಳಗೆ ಇಂಗ್ಲಿಷಿನಲ್ಲೂ ಅದೇ. ಹಿಟ್ಟು ಎನ್ನುವ ಇಂಗ್ಲಿಷ್ ಪದ ಬರೆಯಬೇಕಾದ ಕಡೆ ಪೇಂಟರು ಹೂವು ಎನ್ನುವ ಪದ ಬರೆದು, ಪಕ್ಕದಲ್ಲಿ ಒಂದು ಕೆಂಪು ದಾಸವಾಳವನ್ನೂ ಬಿಡಿಸಿ ಹೋಗಿದ್ದ. ಹೊಸ ಮೇಷ್ಟ್ರ ಹುರುಪಿನಲ್ಲಿ ನಾನು ಮೊದಲ ದಿನವೇ ತಪ್ಪು ತೋರಿಸಿದೆ. ತಿಪ್ಪೇಸಣ್ಣ ರಸ್ತೆಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ತನ್ನ ಬೋರ್ಡನ್ನು ತಾನೇ ಮೊದಲ ಸಲ ನೋಡುವವನಂತೆ ನೋಡಿದ.

“ಹೂವು ಅಂತ ಐತಾ? ಇರ್ಲಿ ಬಿಡ್ರಿ ಮೇಷ್ಟ್ರೇ. ಹಿಟ್ಟಿಗಿಂತ ಚೆನ್ನಾಗೈತೆ.”

ಅವನಿಗೆ ಕಿವಿ ಮಂದ. ಮೂವತ್ತು ವರ್ಷ ಮೋಟರಿನ ಪಕ್ಕ ನಿಂತು ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಯಲ್ಲಿ ಒಂದಿಷ್ಟು ಉಳಿದಿತ್ತು. ಗಿರಣಿ ಓಡುವಾಗ ತುಟಿ ನೋಡಿ ಮಾತು ತಿಳಿಯುತ್ತಿದ್ದ. ತುಟಿ ಕಾಣದಿದ್ದರೆ ಅದರ ಗೋಜಿಗೇ ಹೋಗದೆ ‘ಹೂಂ’ ಅನ್ನುತ್ತಿದ್ದ. ಗಿರಣಿಗೆ ಬರುವವರ ಪ್ರಶ್ನೆಗಳಾದರೂ ಎಷ್ಟು? ಸಣ್ಣಗೆ ಮಾಡ್ತೀಯಾ, ಹೂಂ. ನಮ್ದು ಮುಂದಿನ ಪಾಳಿನಾ, ಹೂಂ. ಸಂಜೆಗೆ ಬರ್ಲಾ, ಹೂಂ. ಇದರಿಂದ ಯಾವ ಅನಾಹುತವೂ ಆಗಿರಲಿಲ್ಲ. “ಹೂಂ ಅನ್ನೋನ ಗಿರಣಿ, ಹೂವಿನ ಗಿರಣಿ” ಎಂದು ಹೆಂಗಸರು ನಗಾಡುತ್ತಿದ್ದರು. ಅದಕ್ಕೂ ಅವನು ಹೂಂ ಅನ್ನುತ್ತಿದ್ದ.

ಬೀಳುತ್ತಿರುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುವಾಗ ಮಾತ್ರ ಅವನ ಮುಖ ಬೇರೆಯಾಗುತ್ತಿತ್ತು. ಕಣ್ಣು ಅರೆಮುಚ್ಚಿ, ಎಲ್ಲೋ ದೂರದ್ದನ್ನು ಕೇಳಿಸಿಕೊಳ್ಳುವವನಂತೆ ನಿಲ್ಲುತ್ತಿದ್ದ. ಆಮೇಲೆ ಒಂದೇ ಮಾತು: ರೊಟ್ಟಿಗಾಯ್ತು, ಅಥವಾ ಮುದ್ದೆಗಾಯ್ತು. ಡಬ್ಬ ಕೈಗೆ ಕೊಡುವಾಗ ಇನ್ನೊಂದು: “ಬಿಸಿ ಹಿಟ್ಟು ಮುಚ್ಚಬ್ಯಾಡ್ರಿ, ಬೆವರ್ತೈತೆ.” ಆರುವ ತನಕ ಕೂರಿಸಿಯೇ ಕಳಿಸುತ್ತಿದ್ದ. ಹಾಗಾಗಿ ಅವನ ಗಿರಣಿಯಲ್ಲಿ ಯಾವಾಗಲೂ ನಾಲ್ಕು ಜನ ಸುಮ್ಮನೆ ಕೂತಿರುತ್ತಿದ್ದರು.

ನನ್ನ ಹೆಸರೂ ತಿಪ್ಪೇಸ್ವಾಮಿ. ನಮ್ಮ ಜಿಲ್ಲೆಯಲ್ಲಿ ಇದೇನೂ ಹೇಳಿಕೊಳ್ಳುವ ವಿಷಯವಲ್ಲ. ತಿಪ್ಪೇಸ್ವಾಮಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಗಂಡುಮಕ್ಕಳಿಗೆಲ್ಲ ಇದೇ ಹೆಸರು. ಹೊರದೆಯೇ ಹುಟ್ಟಿದವರಿಗೂ ಇದೇ. ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಕೂಗಿದರೆ ನಾಲ್ಕು ಕತ್ತು ತಿರುಗುತ್ತವೆ. ನನ್ನ ತರಗತಿಯೊಂದರಲ್ಲೇ ಮೂವರಿದ್ದರು. ಅದಕ್ಕೇ ಪಹಣಿಯಲ್ಲಿ, ಕೋರ್ಟಿನಲ್ಲಿ, ಠಾಣೆಯಲ್ಲಿ ಹೆಸರಿನ ಮುಂದೆ ‘ಬಿನ್’ ಎಂದು ಹಾಕಿ ಅಪ್ಪನ ಹೆಸರು ಬರೆಯುತ್ತಾರೆ. ಅದಿಲ್ಲದ ತಿಪ್ಪೇಸ್ವಾಮಿ ಯಾರೂ ಆಗಬಹುದು. ತಿಪ್ಪೇಸಣ್ಣ ನನ್ನನ್ನು ಕಂಡಾಗಲೆಲ್ಲ, “ಬರ್ರಿ ಬರ್ರಿ, ನನ್ನೆಸರಿನೋರು ಬಂದ್ರು, ಕುಂತ್ಕಳ್ರಿ” ಎಂದು ಖಾಲಿ ಡಬ್ಬವೊಂದನ್ನು ಬೋರಲು ಹಾಕುತ್ತಿದ್ದ.

ಊರಿನ ಹಿಂದೆ ಕರೇಕಲ್ಲು ಕಾವಲು. ಕಾವಲು ಎಂದರೆ ನಮ್ಮಲ್ಲಿ ಹುಲ್ಲು ಬೆಳೆಯುವ ಬಯಲು, ಯಾರ ಹೆಸರಿಗೂ ಇಲ್ಲದ ಮೇವಿನ ನೆಲ. ಸುತ್ತಲಿನ ಹಟ್ಟಿಗಳ ಕುರಿಗಳೆಲ್ಲ ಅಲ್ಲೇ. ಒಂದು ಬೇಸಗೆ ಇದ್ದಕ್ಕಿದ್ದಂತೆ ಅದರ ಸುತ್ತ ಕಬ್ಬಿಣದ ಬೇಲಿ ಎದ್ದಿತು. ಯಾವುದೋ ಕಂಪನಿಯ ಯಾವುದೋ ಯೋಜನೆ ಎಂದರು. ಕುರಿಗಾಹಿಗಳಲ್ಲಿ ಹಿರಿಯರಿಬ್ಬರು ನನ್ನ ಬಾಡಿಗೆ ಮನೆಗೆ ಬಂದು, “ನಾಕು ಮಾತು ಬರ್ದು ಕೊಡ್ರಿ ಮೇಷ್ಟ್ರೇ” ಎಂದರು. ಬರೆದುಕೊಟ್ಟೆ. ಈ ಬೇಲಿಯನ್ನು ಯಾರನ್ನು ಕೇಳಿ ಹಾಕಿದಿರಿ, ಗ್ರಾಮಸಭೆ ಯಾವತ್ತು ನಡೆಯಿತು, ನಾಳೆಯಿಂದ ಕುರಿಗಳು ಎಲ್ಲಿಗೆ ಹೋಗಬೇಕು, ಎಂದು ಬರೀ ಪ್ರಶ್ನೆಗಳು. ಉತ್ತರ ಬರುವವರೆಗೂ ಬೇಲಿಯ ಮುಂದೆ ಕೂರುತ್ತೇವೆ ಎಂದು ಕೊನೆಯ ಸಾಲು. ಅದರ ಕೆಳಗೆ ‘ತಿಪ್ಪೇಸ್ವಾಮಿ’ ಎಂದಷ್ಟೇ ಹಾಕಿದೆ. ಅಪ್ಪನ ಹೆಸರಿಲ್ಲ, ಊರಿಲ್ಲ. ಹೆಸರು ಹಾಕಿದ ಧೈರ್ಯವೂ ಆಯಿತು, ಸಿಕ್ಕಿಬೀಳದ ಜಾಣತನವೂ ಆಯಿತು ಎಂದು ಒಳಗೊಳಗೇ ಬೀಗಿದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಅಚ್ಚಾಗಿ ಬಂದ ಕರಪತ್ರವನ್ನು ಗಿರಣಿಯಲ್ಲಿ ಕೂತ ಹೆಂಗಸರು ನನ್ನ ಕೈಲೇ ಓದಿಸಿದರು. ಬರೆದವನು ಯಾರೋ ಎಂಬ ಮುಖ ಮಾಡಿಕೊಂಡು ಓದಿದೆ. ತಿಪ್ಪೇಸಣ್ಣ ಮೋಟರು ಆರಿಸಿ, ಎಡಗಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿದ. ಮುಗಿದ ಮೇಲೆ, “ಚೆನ್ನಾಗಿ ಬರ್ದವ್ರೆ. ಯಾರೋ ನಮ್ಮೆಸರಿನೋರು” ಎಂದು ಮತ್ತೆ ಸ್ವಿಚ್ಚು ಒತ್ತಿದ.

ಜನ ಬೇಲಿಯ ಮುಂದೆ ಕೂತರು. ಆರನೇ ದಿನ ನಿಷೇಧಾಜ್ಞೆ ಬಂತು, ಏಳನೇ ದಿನ ಲಾಠಿ ಬಂತು. ಕುರಿ ಕಾಯುವವರ ಮೇಲೆ ಕೇಸು ಬಿದ್ದವು. ಟೀವಿಯಲ್ಲಿ, ಇದರ ಹಿಂದೆ ದೇಶದ ವಿರುದ್ಧ ಸಂಚಿದೆ, ಕರಪತ್ರ ಬರೆದವನೇ ಸೂತ್ರಧಾರ ಎಂದು ಹೇಳತೊಡಗಿದರು. ಶಾಲೆಯಲ್ಲಿ ಪಾಠ ಮಾಡುವಾಗ ಬೋರ್ಡಿನ ಮೇಲೆ ನನ್ನ ಕೈಬರಹ ಕಂಡು ನನಗೇ ಬೆವರು ಬರುತ್ತಿತ್ತು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಗಿರಣಿಗೆ ಹೋಗಿದ್ದೆ. ನನ್ನ ಜೋಳ ಬೀಸಿ ಆಗಿತ್ತು, ಡಬ್ಬ ತೆರೆದಿಟ್ಟು ಆರಲೆಂದು ಕೂತಿದ್ದೆ. ಕಲ್ಲಿಗೆ ಮೆಣಸಿನಕಾಯಿ ಬಿದ್ದಿತ್ತು. ಆಗ ಪೊಲೀಸ್ ಜೀಪು ನಿಂತಿತು. ಮುಂದೆ ಬಂದ ಅಧಿಕಾರಿ ಘಾಟಿಗೆ ಎರಡು ಸಲ ಸೀನಿ, ಕರವಸ್ತ್ರದಿಂದ ಮೂಗು ಬಾಯಿ ಮುಚ್ಚಿಕೊಂಡ.

“ತಿಪ್ಪೇಸ್ವಾಮಿ ಯಾರು?”

“ಹೂಂ, ಇಡ್ರಿ ಅಲ್ಲಿ. ಪಾಳಿ ಐತೆ” ಎಂದ ತಿಪ್ಪೇಸಣ್ಣ.

ಹೆಂಗಸರು ಕಿಸಕ್ಕನೆ ನಕ್ಕರು. ಅಧಿಕಾರಿ ಜೇಬಿನಿಂದ ಕರಪತ್ರ ತೆಗೆದು ಅವನ ಮೂಗಿಗೆ ಹಿಡಿದ. “ಇದು ನಿಂದೇನಾ?”

“ಹೂಂ, ಹೂಂ.”

ಪೊಲೀಸನೊಬ್ಬ ಅವನ ರಟ್ಟೆ ಹಿಡಿದ. ಆಗಷ್ಟೇ ತಿಪ್ಪೇಸಣ್ಣನಿಗೆ ಇದು ಗಿರಣಿಯ ಮಾತಲ್ಲ ಎಂದು ಹೊಳೆಯಿತು. ಕೈ ಚಾಚಿ ಮೋಟರು ಆರಿಸಿದ. ಬೆಲ್ಟು ಇನ್ನೂ ನಾಲ್ಕು ಸುತ್ತು ತಿರುಗಿ ನಿಂತಿತು. ಆ ಮೌನ ಎಂಥದ್ದೆಂದರೆ, ರಸ್ತೆಯಾಚೆ ಕಟ್ಟಿದ್ದ ಆಡು ಮೆಲುಕು ಹಾಕುವುದೂ ಕೇಳುತ್ತಿತ್ತು. ಅಧಿಕಾರಿ ಕರವಸ್ತ್ರ ತೆಗೆದು ನಿಧಾನವಾಗಿ, ಬಿಡಿಬಿಡಿಯಾಗಿ ಕೇಳಿದ: “ಈ ಕರಪತ್ರ ಬರೆದವನು ನೀನೇನಾ?”

ತಿಪ್ಪೇಸಣ್ಣ ಕಾಗದ ನೋಡಿದ. ಆಮೇಲೆ ನನ್ನನ್ನು ನೋಡಿದ. ಬಿಳಿ ರೆಪ್ಪೆಗಳು ಒಮ್ಮೆ ಮುಚ್ಚಿ ತೆರೆದವು.

“ಹೂಂ” ಎಂದ.

ನಾನು ಏಳಲಿಲ್ಲ. ಏಳಬೇಕೆಂದು ಕಾಲಿಗೆ ಹೇಳಿದ್ದು ನೆನಪಿದೆ, ಕಾಲು ಕೇಳಲಿಲ್ಲ. ಜೀಪು ಹೋಯಿತು. ಅವನ ಹೆಂಡತಿ ಸಿದ್ದಮ್ಮಕ್ಕ ಸುದ್ದಿ ಕೇಳಿ ಬರಿಗಾಲಲ್ಲಿ ಓಡಿ ಬರುವಷ್ಟರಲ್ಲಿ ರಸ್ತೆಯ ಧೂಳೂ ಕೂತಿತ್ತು. ಹಿಟ್ಟು ಆರಿತ್ತು. ಮುಚ್ಚಳ ಹಾಕಿ ಮನೆಗೆ ತಂದೆ. ಆ ವಾರವೆಲ್ಲ ಅದೇ ಹಿಟ್ಟಿನ ರೊಟ್ಟಿ ತಿಂದೆ.

ನನ್ನ ಸಮಾಧಾನಕ್ಕೆ ನಾನೊಂದು ಕಥೆ ಕಟ್ಟಿಕೊಂಡೆ. ಅವನಿಗೆ ಕೇಳಿಸಿಲ್ಲ, ಅಭ್ಯಾಸಬಲದಿಂದ ಹೂಂ ಅಂದಿದ್ದಾನೆ, ಎರಡು ದಿನದಲ್ಲಿ ಪೊಲೀಸರಿಗೇ ತಿಳಿದು ಬಿಟ್ಟು ಕಳಿಸುತ್ತಾರೆ ಎಂದು. ಎರಡು ದಿನ ಎರಡು ತಿಂಗಳಾಯಿತು. ಜಾಮೀನು ಸಿಗದ ಕಲಮುಗಳನ್ನು ಹಾಕಿದ್ದರು. ಜಿಲ್ಲಾ ಕೇಂದ್ರವಾದ ದುರ್ಗಕ್ಕೆ ಹೋಗಿ, ಜೈಲಿನ ಜಾಲರಿಯ ಈಚೆ ನಿಂತೆ. ಆಚೆ ಈಚೆ ಇಪ್ಪತ್ತು ಜನ ಒಟ್ಟಿಗೆ ಕೂಗುತ್ತಿದ್ದರು. ತಿಪ್ಪೇಸಣ್ಣ ಬಂದ. ರೆಪ್ಪೆ ಕಪ್ಪಗಿತ್ತು. ಹಿಟ್ಟಿಲ್ಲದ ಅವನ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು.

“ಇಲ್ಲಿ ಎಲ್ರೂ ಕೂಗ್ತಾರೆ ಮೇಷ್ಟ್ರೇ, ಗಿರಣಿ ಇದ್ದಂಗೈತೆ” ಎಂದು ನಕ್ಕ. ಆಮೇಲೆ ಎಡಗಿವಿ ಮುಟ್ಟಿ ತೋರಿಸಿದ. “ಇದೂ ಹೋತು. ಠಾಣೆಯಾಗೆ ಒಂದು ಬಿತ್ತು. ನೀವು ತುಟಿ ಚೆನ್ನಾಗಿ ಆಡಿಸ್ರಿ, ಸಾಕು.”

ನಾನು ತುಟಿ ಆಡಿಸಿದೆ. ಅವತ್ತು ನಿಮಗೆ ಕೇಳಿಸಿರಲಿಲ್ಲ ಅಲ್ಲವೇ ತಿಪ್ಪೇಸಣ್ಣ, ಎಂದೆ.

“ಮೋಟ್ರು ಆರ್ಸಿದ್ನಲ್ರಿ, ಚೆನ್ನಾಗೇ ಕೇಳ್ತು. ನಿಮ್ಮನ್ನ ನೋಡ್ದೆ. ನನ್ ಹಿಟ್ಟಿಗಿಂತ ಬೆಳ್ಳಗೆ ಆಗಿದ್ರಿ. ಈ ಮನುಷ್ಯ ಒಂದೇಟೂ ತಡಿಯಲ್ಲ ಅನ್ನಿಸ್ತು.” ಜಾಲರಿಗೆ ಇನ್ನಷ್ಟು ಹತ್ತಿರ ಬಂದ. “ಅದೊಂದೇ ಅಲ್ಲ. ನಾನೂ ಆ ಕಾವಲಾಗೆ ಕುರಿ ಕಾದೋನ ಮಗ. ಬರಿಯಾಕೆ ಬಂದಿದ್ರೆ ನಾನೂ ಅದ್ನೇ ಬರೀತಿದ್ದೆ. ನಂದಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ.”

ನಾಳೆಯೇ ಹೋಗಿ ಒಪ್ಪಿಕೊಳ್ಳುತ್ತೇನೆ ಎಂದೆ. ಅವನು ತಲೆಯಾಡಿಸಿದ. “ಈಗ ಹೋದ್ರೆ ಇಬ್ರನ್ನೂ ಇಟ್ಕಂತಾರೆ ಅಷ್ಟೇ. ಸಿದ್ದಿಗೆ ಇಂಗ್ಲಿಷ್ ಕಾಗದ ಪತ್ರ ಓದಿ ಹೇಳೋರು ಬ್ಯಾಡ್ವಾ? ಸುಮ್ನೆ ಇರ್ರಿ.” ಅವನು ಬೇಡ ಎಂದದ್ದು ನನಗೆ ಬೇಕಾಗಿತ್ತು. ಅದನ್ನು ಕೇಳಿಸಿಕೊಳ್ಳಲೆಂದೇ ಹೋಗಿದ್ದೆನೋ ಏನೋ. ವಾಪಸು ಬರುವ ಬಸ್ಸಿನಲ್ಲಿ ಹೊಳಲ್ಕೆರೆ ದಾಟುವವರೆಗೂ ಅತ್ತೆ, ಆದರೆ ಆ ಅಳುವಿನಲ್ಲಿ ಬಚಾವಾದ ಹಗುರವೂ ಇತ್ತು.

ಓದಿ ಹೇಳಬೇಕಾದ ಕಾಗದಗಳು ನಿಜಕ್ಕೂ ಬಂದವು. ದುರ್ಗದ ವಕೀಲರೊಬ್ಬರು ಈ ಕೇಸಿನ ವಿವರವನ್ನು ಹೊರದೇಶದ ಮಾನವ ಹಕ್ಕುಗಳ ಸಂಘವೊಂದಕ್ಕೆ ಕಳಿಸಿದ್ದರು. ಕರಪತ್ರವನ್ನು ಇಂಗ್ಲಿಷಿಗೆ ಮಾಡಿಕೊಟ್ಟವನು ನಾನೇ. ಆ ಸಂಘ ತನ್ನ ಸದಸ್ಯರಿಗೆಲ್ಲ ಮನವಿ ಮಾಡಿತು: ಪ್ರಶ್ನೆ ಕೇಳಿದ್ದಕ್ಕಾಗಿ ಒಬ್ಬ ಲೇಖಕ ಜೈಲಿನಲ್ಲಿದ್ದಾನೆ, ಅವನ ಸರ್ಕಾರಕ್ಕೆ ಪತ್ರ ಬರೆಯಿರಿ, ಅವನ ಮನೆಗೂ ಬರೆಯಿರಿ. ಜೊತೆಗೆ ಗಿರಣಿಯ ಫೋಟೋ. ಬೋರ್ಡಿನ ಇಂಗ್ಲಿಷ್ ಅಕ್ಷರಗಳನ್ನೇ ನೋಡಿ ವಿಳಾಸ ಬರೆದುಕೊಂಡಿದ್ದರು.

ಒಂದು ದಿನ ಪೋಸ್ಟ್‌ಮ್ಯಾನ್ ಶಾಲೆಗೆ ಬಂದು, “ಮೇಷ್ಟ್ರೇ, ನಮ್ಮೂರಾಗೆ ಹೂವಿನ ಕಾರ್ಖಾನೆ ಎಲ್ಲೈತ್ರಿ?” ಎಂದ. ಕೈಯಲ್ಲಿ ಒಂದು ಕಟ್ಟು. ಹೆಸರೇ ಕೇಳದ ಊರುಗಳ ಮುದ್ರೆ. ಎಲ್ಲ ಕಾರ್ಡುಗಳ ಮೇಲೂ ಹೂವು. ಕೆಲವರು ಪುಸ್ತಕದೊಳಗೆ ಒತ್ತಿ ಒಣಗಿಸಿದ ನಿಜವಾದ ಹೂವನ್ನೇ ಅಂಟಿಸಿದ್ದರು. ದೂರದ ಯಾವುದೋ ಊರಿನಲ್ಲಿ ಹೂವಿನಿಂದ ಏನನ್ನೋ ತಯಾರಿಸುವ ಒಬ್ಬ ಸಾಧು ಮನುಷ್ಯನನ್ನು ಬಂಧಿಸಿದ್ದಾರೆ ಎಂದು ಅವರೆಲ್ಲ ನಂಬಿಬಿಟ್ಟಿದ್ದರು. ಮಕ್ಕಳು ಬರೆದ ಹೂಗಳಿದ್ದವು. ನಮ್ಮ ಕಡೆ ಕಾಣದ ನೀಲಿ ಹೂವೊಂದು ಮೂರು ಲಕೋಟೆಗಳಲ್ಲಿ ಬಂದಿತ್ತು.

ಗಿರಣಿ ನಿಂತೇ ಇತ್ತು. ಸಂಜೆ ಶಾಲೆ ಬಿಟ್ಟ ಮೇಲೆ ನಾನು, ಸಿದ್ದಮ್ಮಕ್ಕ ಅಲ್ಲೇ ಕೂರುತ್ತಿದ್ದೆವು. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. “ಪ್ರೀತಿಯ ತಿಪ್ಪೇಸ್ವಾಮಿಯವರೇ, ನಿಮ್ಮ ಪ್ರಶ್ನೆಗಳನ್ನು ನಾವು ಓದಿದ್ದೇವೆ. ಇಷ್ಟು ಧೈರ್ಯ ನಮಗಿದ್ದೀತೇ ಎಂದು ಕೇಳಿಕೊಳ್ಳುತ್ತಿದ್ದೇವೆ.” ಹೆಚ್ಚುಕಡಿಮೆ ಎಲ್ಲರೂ ಹೀಗೇ ಬರೆದಿದ್ದರು. ನಾಲ್ಕನೆಯದೋ ಐದನೆಯದೋ ಕಾಗದದಲ್ಲಿ ಆ ಸಾಲನ್ನು ಹಾರಿಸಿ ಓದಿದೆ.

“ಯಾಕ್ರಿ ಮೇಷ್ಟ್ರೇ, ಎಲ್ರೂ ಬರ್ದಿರೋ ಆ ಧೈರ್ಯದ ಸಾಲು ಈ ಸಲ ಬಿಟ್ರಿ?”

ನಾನು ಮುಂದಿನ ಲಕೋಟೆಗೆ ಕೈಹಾಕಿದೆ.

“ನಮ್ಮನೆಯೋರಿಗೆ ಚೀಲದ ಮ್ಯಾಲೆ ಹೆಸ್ರು ಬರಿಯಾಕೂ ನಾನೇ ಬೇಕು. ಅಂಥೋರು ಕರಪತ್ರ ಬರ್ದ್ರು ಅಂದ್ರೆ ನಂಬಾಕೆ ನಾನೇನು ಪೊಲೀಸಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಮಡಿಲಲ್ಲಿದ್ದ ನೀಲಿ ಹೂವನ್ನು ಮೆಲ್ಲಗೆ ಕಾಗದಕ್ಕೇ ಸೇರಿಸಿ, “ಓದ್ರಿ ಮುಂದೆ. ಎಲ್ಲಾನೂ ಓದ್ರಿ, ಒಂದೂ ಬಿಡಬ್ಯಾಡ್ರಿ” ಎಂದಳು. ಓದಿದೆ. ಕತ್ತಲಾಗುವವರೆಗೆ ಓದಿದೆ. ಆಮೇಲೂ ಎಂಟು ತಿಂಗಳು, ಬಂದದ್ದನ್ನೆಲ್ಲ ಓದಿದೆ.

ನಾರ್ವೆ ದೇಶದಿಂದ ಇಂಗ್ರಿಡ್ ಎಂಬ ಮುದುಕಿಯೊಬ್ಬಳು ತಿಂಗಳಿಗೊಂದು ಕಾಗದ ಬರೆಯುತ್ತಿದ್ದಳು. ಅವಳಿಗೊಂದು ಕುತೂಹಲ: ಹೂವನ್ನು ಬೀಸಿದರೆ ಏನು ಬರುತ್ತದೆ? ಇದು ಬೋರ್ಡಿನ ತಪ್ಪು, ಅಲ್ಲಿ ಬೀಸುವುದು ರಾಗಿ ಜೋಳ, ಎಂದು ಉತ್ತರ ಬರೆಯಲು ಹೊರಟವನು ತಿಪ್ಪೇಸಣ್ಣನನ್ನು ಒಂದು ಮಾತು ಕೇಳಿದೆ. ಜಾಲರಿಯ ಆಚೆ ಅವನು ಬೆರಳು ಬೆರಳು ಉಜ್ಜಿ, ಕಣ್ಣು ಅರೆಮುಚ್ಚಿ ಯೋಚಿಸಿದ.

“ತಿದ್ದಬ್ಯಾಡ್ರಿ, ಪಾಪ. ಹೂವು ಅಂದ್ಕಂಡೇ ಅಷ್ಟು ದೂರದಿಂದ ಬರೀತಾಳೆ. ಹಿಟ್ಟು ಅಂದ್ರೆ ಬರೀತಾಳೋ ಇಲ್ವೋ. ಮೆತ್ತಗೆ ಬರ್ತೈತೆ ಅಂತ ಬರೀರಿ. ಬಿಸಿ ಇರ್ತೈತೆ, ಮುಚ್ಚಬಾರ್ದು ಅಂತ ಬರೀರಿ.”

ಹಾಗೇ ಬರೆದೆ. ಅವಳ ಮುಂದಿನ ಕಾಗದದ ತುಂಬ ಅದೇ ಮಾತು. ನನಗೆ ಆ ದಿನಗಳಲ್ಲಿ ಒಂದು ಕನಸು ಬೀಳುತ್ತಿತ್ತು, ಈಗಲೂ ಆಗಾಗ ಬೀಳುತ್ತದೆ. ಗಿರಣಿ ಓಡುತ್ತಿದೆ, ಸದ್ದಿಲ್ಲ. ಹೆಂಗಸರು ಡಬ್ಬ ತುಂಬ ಹೂವು ತಂದು ಪಾಳಿಯಲ್ಲಿ ಕೂತಿದ್ದಾರೆ. ತಿಪ್ಪೇಸಣ್ಣ ಒಂದೊಂದೇ ಡಬ್ಬ ಎತ್ತಿ ಸುರಿಯುತ್ತಾನೆ, ಕೆಳಗಿನ ಬಟ್ಟೆಯ ಚೀಲದಿಂದ ನೀಲಿ ಧೂಳು ಇಳಿಯುತ್ತದೆ, ಬಿಸಿಲಿನಲ್ಲಿ ಏರುತ್ತದೆ, ಅವನ ರೆಪ್ಪೆಯ ಮೇಲೆ ಕೂರುತ್ತದೆ. ನನ್ನ ಪಾಳಿ ಬಂದಾಗ ನನ್ನ ಡಬ್ಬ ಖಾಲಿ ಇರುತ್ತದೆ. ಅವನು ಬಯ್ಯುವುದಿಲ್ಲ. ಕುಂತ್ಕಳ್ರಿ ಎನ್ನುತ್ತಾನೆ.

ಕಾಗದಗಳಿಂದ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಯಾವ ಯಾವುದೋ ದೇಶದ ಜನ ಪ್ರಶ್ನೆ ಕೇಳುತ್ತಿದ್ದಾರೆಂದು ಗೊತ್ತಾದಾಗ, ಇದು ನಮ್ಮ ಆಂತರಿಕ ವಿಚಾರ ಎಂದು ಸರ್ಕಾರದವರು ಹೇಳಿಕೆ ಕೊಟ್ಟರು. ಟೀವಿಯವರು ವಿದೇಶಿ ಕೈವಾಡ ಎಂದರು. ಪೊಲೀಸರು ಆರೋಪಪಟ್ಟಿಗೆ ಹೊಸ ಪುಟವೊಂದನ್ನು ಸೇರಿಸಿದರು. ಆರೋಪಿ ಹೂವಿನ ವ್ಯಾಪಾರ ಮಾಡುವವನಲ್ಲ, ಊರಲ್ಲಿ ಹೂವಿನ ಕಾರ್ಖಾನೆಯೂ ಇಲ್ಲ, ಆದ್ದರಿಂದ ‘ಫ್ಲವರ್ ಮಿಲ್’ ಎಂಬುದು ಹೊರದೇಶದವರೊಂದಿಗೆ ವ್ಯವಹರಿಸುವ ಗುಪ್ತ ಸಂಕೇತ ಎಂದು.

ಜಾಮೀನಿನ ವಾದದ ದಿನ ನ್ಯಾಯಾಧೀಶರು ಆ ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, “ನಮ್ಮೂರಲ್ಲೂ ಫ್ಲವರ್ ಮಿಲ್ಲೇ ಕಣ್ರೀ ಇರೋದು. ಹಂಗಾದ್ರೆ ನಮ್ಮ ತಾಯಿನೂ ಈ ಸಂಚಲ್ಲಿ ಇದ್ದಾರೆ, ವಾರಕ್ಕೊಮ್ಮೆ ಡಬ್ಬ ತಗೊಂಡು ಹೋಗ್ತಿದ್ರು” ಎಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ತಿಪ್ಪೇಸಣ್ಣನಿಗೆ ಯಾಕೆ ನಗುತ್ತಿದ್ದಾರೆ ಎಂದು ತಿಳಿಯಲಿಲ್ಲ. ಎಲ್ಲರೂ ನಗುತ್ತಿದ್ದಾರಲ್ಲ ಎಂದು ತಾನೂ ನಕ್ಕ. ಜಾಮೀನು ಸಿಕ್ಕಿತು. ಕೇಸು ಉಳಿಯಿತು.

ಅವನು ಬಂದ ಮಾರನೇ ದಿನ ಗಿರಣಿ ಓಡಿತು. ಕಾವಲಿನ ಬೇಲಿ ಮಾತ್ರ ಹಾಗೇ ಇತ್ತು, ಕುರಿಗಳು ಅದರ ಸುತ್ತ ಹಾದು ಬೇರೆ ಊರಿನ ದಿಕ್ಕಿಗೆ ಹೋಗುತ್ತಿದ್ದವು. ಕಿವಿ ಪೂರ್ತಿ ಹೋದವನಿಗೆ ಕಲ್ಲಿನ ಸದ್ದು ಕೇಳುತ್ತಿರಲಿಲ್ಲ. ಅಂಗೈಯನ್ನು ಮೋಟರಿನ ಮೇಲಿಟ್ಟು ಅದರ ನಡುಕದಿಂದಲೇ ಎಲ್ಲ ತಿಳಿಯುತ್ತಿದ್ದ. ಎದೆಯೊಳಗೆ ಗೊರಗೊರ ಶುರುವಾಗಿತ್ತು. ನಾಲ್ಕು ಡಬ್ಬಕ್ಕೊಮ್ಮೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದ. ಜೈಲಿನ ಬಗ್ಗೆ ಯಾರು ಕೇಳಿದರೂ, “ಊಟ ಕೊಡ್ತಿದ್ರು. ರೊಟ್ಟಿ ಹಿಟ್ಟು ಸರಿಯಾಗಿ ಬೀಸಿರಲಿಲ್ಲ” ಎನ್ನುವುದರ ಆಚೆಗೆ ಹೋಗುತ್ತಿರಲಿಲ್ಲ.

ತಿಂಗಳಿಗೋ ಎರಡು ತಿಂಗಳಿಗೋ ಕೋರ್ಟಿನ ಒಂದು ವಾಯಿದೆ. ಇಬ್ಬರೂ ಬೆಳಗಿನ ಬಸ್ಸಿಗೆ ದುರ್ಗಕ್ಕೆ ಹೋಗುತ್ತಿದ್ದೆವು. ನಾನು ರಜೆ ಹಾಕುತ್ತಿದ್ದೆ. ಶಾಲೆಯಲ್ಲಿ ಪಕ್ಕದ ಮನೆಯವರಿಗೆ ಸಹಾಯ ಎಂದು ಬರೆದುಕೊಡುತ್ತಿದ್ದೆ, ಆ ಸುಳ್ಳನ್ನೂ ಸರಾಗವಾಗಿ ಬರೆಯುತ್ತಿದ್ದೆ. ಕಿಟಕಿಯ ಪಕ್ಕ ಅವನು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಮಂಜಿನಲ್ಲಿ ಅರ್ಧ ಮುಳುಗಿ ತಿರುಗುತ್ತಿರುವುದನ್ನು ಕಣ್ಣು ಕೀಳದೆ ನೋಡುತ್ತಿದ್ದ.

“ಅವೂ ಗಿರಣಿಗಳೇ ಏನ್ರಿ ಮೇಷ್ಟ್ರೇ? ಏನ್ ಬೀಸ್ತಾವೆ?”

“ಗಾಳಿ” ಎಂದು ತುಟಿ ಆಡಿಸಿದೆ.

“ಸಣ್ಣಗೆ ಬೀಸ್ತಾವೆ” ಎಂದ, ಮೆಚ್ಚುಗೆಯಿಂದ. ಆಮೇಲೆ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದ. ನನಗೂ ಮಂಪರು ಕವಿಯಿತು. ಆ ದಾರಿ ಮುಗಿಯದಿರಲಿ, ಕೋರ್ಟು ಬಾರದಿರಲಿ, ಹೀಗೇ ಮಂಜಿನೊಳಗೆ ಬಸ್ಸು ಹೋಗುತ್ತಲೇ ಇರಲಿ ಎನ್ನಿಸುತ್ತಿತ್ತು. ಅವನು ನನ್ನ ಜಾಗದಲ್ಲಿ ಕೂತಿದ್ದಾನೆ ಎನ್ನುವುದು ಆ ಒಂದೂವರೆ ಗಂಟೆ ಮರೆಯುತ್ತಿತ್ತು.

ಕೊನೆಯ ಸಲ ಹೋಗಿ ಬಂದ ದಿನ ಬಸ್ಸಿನಿಂದ ಇಳಿಯಲು ಅವನಿಗೆ ನನ್ನ ಕೈ ಬೇಕಾಯಿತು. ಗಿರಣಿಯ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಉಸಿರಾಡಿದ. ಆಮೇಲೆ ಕಣ್ಣಲ್ಲಿ ತುಂಟತನ ತಂದುಕೊಂಡು, “ಮುಂದಿನ ವಾಯಿದೆಗೆ ನನ್ ಕೈಲಾಗಲ್ಲ. ನೀವೊಬ್ರೇ ಹೋಗ್ಬನ್ರಿ. ಹೆಸ್ರು ಒಂದೇ ಅಲ್ವಾ, ಯಾರಿಗೆ ಗೊತ್ತಾಗ್ತೈತೆ?” ಎಂದ. ನಾನು ನಗಲಿಲ್ಲ. ಅವನೇ ನಕ್ಕು, ಕೆಮ್ಮಿ, ನನ್ನ ಬೆನ್ನು ತಟ್ಟಿ ಒಳಗೆ ಹೋದ. ಹನ್ನೆರಡು ದಿನಕ್ಕೆ ತೀರಿಕೊಂಡ. ಮಣ್ಣು ಮಾಡುವ ಮೊದಲು ಸಿದ್ದಮ್ಮಕ್ಕ ಒದ್ದೆ ಬಟ್ಟೆಯಿಂದ ಅವನ ಮುಖ ಒರೆಸಿದಳು, ರೆಪ್ಪೆಗಳನ್ನು ಮಾತ್ರ ಒರೆಸದೆ ಬಿಟ್ಟಳು.

ಮುಂದಿನ ವಾಯಿದೆಗೆ ಮರಣಪತ್ರ ಹಿಡಿದು ನಾನು, ಸಿದ್ದಮ್ಮಕ್ಕ ಹೋದೆವು. ಅವಳು ಹೊರಗೆ ಜಗಲಿಯಲ್ಲಿ ಕೂತಳು. ಅಟೆಂಡರು ಬಾಗಿಲಿಗೆ ಬಂದು, “ತಿಪ್ಪೇಸ್ವಾಮಿ ಬಿನ್ ಓಬಯ್ಯಾ” ಎಂದು ಮೂರು ಸಲ ಕೂಗಿದ. ವಕೀಲರು ಮರಣಪತ್ರ ಕೊಟ್ಟರು. ನ್ಯಾಯಾಧೀಶರು ಬದಲಾಗಿದ್ದರು. ಹೊಸಬರು ಕಾಗದ ನೋಡಿ, ಆರೋಪಿ ಮೃತಪಟ್ಟಿರುವುದರಿಂದ ಪ್ರಕರಣ ಮುಕ್ತಾಯ ಎಂದು ಬರೆಸತೊಡಗಿದರು. ಆಗ ಎದ್ದು ನಿಂತೆ. ಈ ಸಲ ಕಾಲು ನನ್ನ ಮಾತು ಕೇಳಿತು.

“ಸ್ವಾಮಿ, ಆ ಕರಪತ್ರ ಬರೆದವನು ನಾನು.”

“ಯಾರ್ರಿ ನೀವು? ಹೆಸರೇನು?”

“ತಿಪ್ಪೇಸ್ವಾಮಿ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ವಕೀಲರ ಕಡೆ ನೋಡಿದರು, ವಕೀಲರು ನನ್ನ ತೋಳು ಹಿಡಿದು ಎಳೆದರು. “ಆರೋಪಿ ತೀರಿಕೊಂಡಿದ್ದಾರೆ. ಈ ಫೈಲಿನಲ್ಲಿ ಬೇರೆ ಯಾರ ಹೆಸರೂ ಇಲ್ಲ. ಹೋಗಿ ಹೊರಗೆ ಕೂತ್ಕೊಳ್ಳಿ” ಎಂದರು ನ್ಯಾಯಾಧೀಶರು, ಒರಟಾಗಿ ಅಲ್ಲ, ದುಃಖದಲ್ಲಿ ತಲೆಕೆಟ್ಟವನಿಗೆ ಹೇಳುವಂತೆ. ಮುಂದಿನ ಕೇಸಿನ ಹೆಸರು ಕೂಗಿದರು.

ಜಗಲಿಗೆ ಬಂದೆ. ಸಿದ್ದಮ್ಮಕ್ಕ ಬೇವಿನ ಮರದ ನೆರಳಿನ ಕಡೆ ನೋಡುತ್ತ ಕೂತಿದ್ದಳು.

“ಏನಂದ್ರು?”

“ಮುಗೀತಂತೆ.”

“ನೀನೇನಂದೆ?”

“ಬರೆದವನು ನಾನು ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.”

ಅವಳು ಸೆರಗು ಕೊಡವಿ ಎದ್ದಳು. ನನ್ನ ಮುಖವನ್ನು ನೇರವಾಗಿ ನೋಡಿದಳು.

“ಹಂಗಾದ್ರೆ ಬರಿಯಪ್ಪ. ಬರಿಯಾಕೆ ಬರ್ತೈತಲ್ಲ ನಿಂಗೆ. ಆ ಹೂವಿನ ಮುದುಕಿಗೂ ತಿಳಿಲಿ, ಊರೋರಿಗೂ ತಿಳಿಲಿ. ಈ ಸಲ ನಿಮ್ಮಪ್ಪನ ಹೆಸ್ರು ಹಾಕು.”

ಕರೇಕಲ್ಲು ಕಾವಲಿನ ಕರಪತ್ರ ಬರೆದವನು ನಾನು. ತಿಪ್ಪೇಸ್ವಾಮಿ ಬಿನ್ ಬೋರಯ್ಯ, ಹಿರೇಗುಂಟನೂರು.